ಹಳೆ ಮೆಟ್ಟು, ಹೊಲಿಯುವ ಕೈ

ಹಳೆ ಚಪ್ಪಲಿ, ಹಳೆ ಶೂ ಮಾರಿ ಸಂಸಾರ ಸಾಗಿಸುವವರ ಮಾತು ಬಂದರೆ ಎಲ್ಲರ ಬಾಯಿಗೂ ಮೊದಲು ಬರುವುದು ಆಫ್ರಿಕ. ನೈರೋಬಿಯ ಗಿಕೊಂಬಾ, ಅಕ್ರಾದ ಕಂಟಮಾಂಟೊ ಮಾರುಕಟ್ಟೆಗಳಿಗೆ ಯುರೋಪು, ಅಮೆರಿಕ, ಚೀನಾಗಳಿಂದ ಹಳೆ ಬಟ್ಟೆ, ಹಳೆ ಜೋಡು ಮೂಟೆಗಟ್ಟಲೆ ಬಂದು ಬೀಳುತ್ತವೆ. ಆದರೆ ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಸಂತೆಗಳಲ್ಲಿ ಅಂಥ ಮೂಟೆ ಕಣ್ಣಿಗೆ ಬೀಳುವುದಿಲ್ಲ. ಬಸ್ ನಿಲ್ದಾಣದ ಮಗ್ಗುಲಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂತ ಚಮ್ಮಾರರು, ಅವರ ಪೆಟ್ಟಿಗೆಯ ಪಕ್ಕ ಪಾಲಿಶ್ ಹಾಕಿ ಸಾಲಾಗಿ ಇಟ್ಟ ಏಳೆಂಟು ಜೋಡಿ ಹಳೆ ಶೂ, ಇಷ್ಟೇ. ದಾರಿಹೋಕರು ಅದನ್ನು ರಿಪೇರಿಗೆ ಬಂದ ಮಾಲು ಅಂದುಕೊಂಡು ಮುಂದೆ ಹೋಗುತ್ತಾರೆ. ಅದರಲ್ಲಿ ಅರ್ಧ ಮಾರಾಟಕ್ಕಿಟ್ಟದ್ದು.

ವ್ಯಾಪಾರ ಇಷ್ಟು ಸಣ್ಣದಾದ್ದರಿಂದ ಇದರ ಲೆಕ್ಕ ಯಾವ ಇಲಾಖೆಯ ಕಡತದಲ್ಲೂ ಬೇರೆಯಾಗಿ ಸಿಗುವುದಿಲ್ಲ. ಆದರೆ ಹಳೆ ಪಾದರಕ್ಷೆಯ ಮರುಮಾರಾಟ ಬಡವರಿಗೆ ಬದುಕು ಕೊಡುತ್ತದೆಯೇ, ಇಲ್ಲ ಬಡ ದೇಶಗಳ ಕಸುಬನ್ನು ಕೊಲ್ಲುತ್ತದೆಯೇ ಎಂದು ಪ್ರಪಂಚದಲ್ಲಿ ನಡೆದಿರುವ ದೊಡ್ಡ ವಾದಕ್ಕೆ ನಮ್ಮ ಈ ನಾಲ್ಕು ತಾಲ್ಲೂಕುಗಳಿಂದ ಒಂದು ಉತ್ತರ ಕೊಡಬಹುದು ಎಂದು ನನ್ನ ನಂಬಿಕೆ. ಹಳೆ ಜೋಡು ಅನ್ನ ಕೊಡುವುದು ಅದನ್ನು ಬಿಚ್ಚಿ ಹೊಲಿಯುವ ಕೈ ಹತ್ತಿರದಲ್ಲೇ ಇದ್ದಾಗ. ಕೈ ಇಲ್ಲದ ಕಡೆ ಅದು ಬರೀ ಒಬ್ಬರ ಕಸ ಇನ್ನೊಬ್ಬರ ಊರಿಗೆ ಸಾಗಿಸುವ ದಾರಿ.

ಮೊದಲು ಮಾಲು ಎಲ್ಲಿಂದ ಬರುತ್ತದೆ ನೋಡೋಣ. ಅಂತರರಾಷ್ಟ್ರೀಯ ಸುಂಕಪಟ್ಟಿಯಲ್ಲಿ ಬಳಸಿದ ಬಟ್ಟೆಗೂ ಬಳಸಿದ ಪಾದರಕ್ಷೆಗೂ ಒಂದೇ ಶೀರ್ಷಿಕೆ, 6309. ಭಾರತದಲ್ಲಿ ಈ ಶೀರ್ಷಿಕೆಯ ಮಾಲು ಪರವಾನಗಿ ಇಲ್ಲದೆ ಒಳಗೆ ಬರುವಂತಿಲ್ಲ. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದ ಘಟಕಗಳು ವಿದೇಶದ ಹಳೆ ಬಟ್ಟೆ ತರಿಸಿ ವಿಂಗಡಿಸಿ ಮತ್ತೆ ಹೊರಗೆ ಕಳಿಸುತ್ತವೆ. ಚಿಂದಿಯಾಗಿ ಬರುವುದನ್ನು ಕತ್ತರಿಸಿಯೇ ಒಳಗೆ ಬಿಡಬೇಕು ಎಂಬ ನಿಯಮವಿದೆ. ಹಾಗಾಗಿ ಆಫ್ರಿಕದಂತೆ ವಿದೇಶಿ ಮೂಟೆಯ ಮೇಲೆ ನಿಂತ ಪೇಟೆ ನಮ್ಮಲ್ಲಿ ಬೆಳೆಯಲಿಲ್ಲ. ನಮ್ಮ ಹಳೆ ಜೋಡು ನಮ್ಮದೇ ಪಟ್ಟಣಗಳದ್ದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಂದು ವರ್ಷ ಮೆಟ್ಟಿ ಬಿಸಾಡಿದ ಸ್ಪೋರ್ಟ್ಸ್ ಶೂ ಗುಜರಿಯವರ ಚೀಲಕ್ಕೆ ಬೀಳುತ್ತದೆ, ಅಲ್ಲಿಂದ ಸಂಡೇ ಬಜಾರಿನಂಥ ಜಾಗಕ್ಕೆ, ಅಲ್ಲಿಂದ ಚೀಲದಲ್ಲಿ ಬಸ್ಸು ಹತ್ತಿ ಸಣ್ಣ ಊರಿಗೆ. ಇದರ ಜೊತೆಗೆ ಕಾರ್ಖಾನೆಯಲ್ಲಿ ತಿರಸ್ಕೃತವಾದ 'ಸೆಕೆಂಡ್ಸ್' ಮಾಲೂ ಸೇರಿಕೊಳ್ಳುತ್ತದೆ. ಅದು ಮೆಟ್ಟಿದ್ದಲ್ಲ, ಆದರೆ ಒಂದು ಹೊಲಿಗೆ ತಪ್ಪಿರುತ್ತದೆ, ಎಡಗಾಲು ಬಲಗಾಲಿನ ಬಣ್ಣದಲ್ಲಿ ಒಂದು ಛಾಯೆ ಹೆಚ್ಚುಕಡಿಮೆ ಇರುತ್ತದೆ.

ನಮ್ಮ ಕಡೆಗೇ ವಿಶೇಷವಾದ ಇನ್ನೊಂದು ಮೂಲವಿದೆ. ಶ್ರೀರಂಗಪಟ್ಟಣ ಯಾತ್ರಾಸ್ಥಳ. ರಂಗನಾಥನ ದರ್ಶನಕ್ಕೆ, ಗಂಜಾಮಿನ ನಿಮಿಷಾಂಬೆಗೆ ಬರುವವರು ಜೋಡು ಬಿಟ್ಟೇ ಒಳಗೆ ಹೋಗಬೇಕು. ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ ಅಸ್ಥಿ ಬಿಡಲು ಬರುವವರು ಉಟ್ಟ ಬಟ್ಟೆಯನ್ನೂ ಕೆಲವೊಮ್ಮೆ ಮೆಟ್ಟಿದ ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಹೊರಡುತ್ತಾರೆ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಳೆದರೆ ಕಾಟ ಕಳೆಯಿತು, ಶನಿ ಹಿಡಿದದ್ದು ಬಿಟ್ಟಿತು ಎಂದು ಸಮಾಧಾನ ಮಾಡಿಕೊಳ್ಳುವ ಜನ ನಾವು. ಶನಿವಾರ ಬೇಕೆಂದೇ ಬಿಟ್ಟು ಬರಿಗಾಲಲ್ಲಿ ಮನೆಗೆ ಹೋಗುವವರೂ ಉಂಟು. ಮುಜರಾಯಿ ದೇವಸ್ಥಾನಗಳಲ್ಲಿ ಹಣ್ಣುಕಾಯಿ ಮಾರುವ ಹಕ್ಕಿನ ಹಾಗೆ ಪಾದರಕ್ಷೆ ಕಾಯುವ ಹಕ್ಕನ್ನೂ ಹರಾಜು ಹಾಕುವುದುಂಟು. ಯಾರೂ ಕೇಳದೆ ಉಳಿದ ಜೋಡು ಎಲ್ಲೋ ಒಂದು ಕಡೆ ಸೇರಲೇಬೇಕು. ಇದರಲ್ಲಿ ಕಳವಿನ ಮಾಲು ಬೆರೆಯುವ ಭಯವೂ ಇದೆ ಎಂಬುದನ್ನು ಮುಚ್ಚಿಡಬಾರದು. ನಿಯತ್ತಿನ ವ್ಯಾಪಾರಿಗೆ ಅದೇ ದೊಡ್ಡ ತಲೆನೋವು. ಹೊಸದರಂತೆ ಹೊಳೆಯುವ ಶೂ ಅಗ್ಗಕ್ಕೆ ತಂದುಕೊಟ್ಟರೆ ಬೇಡ ಎನ್ನುವುದು ಅವರ ಕಸುಬಿನ ಮೊದಲ ಎಚ್ಚರ.

ಈಗ ಹೊಲಿಯುವ ಆ ಕೈಯ ಮಾತು. ಹಳೆ ಶೂ ಕೈಗೆ ಬಂದ ತಕ್ಷಣ ಅನುಭವಿ ಚಮ್ಮಾರರು ಮೇಲ್ಭಾಗ ನೋಡುವುದಿಲ್ಲ, ಬೋರಲು ಹಾಕಿ ಅಟ್ಟೆ ನೋಡುತ್ತಾರೆ. ಹೆಬ್ಬೆರಳಿಂದ ಹಿಮ್ಮಡಿಯ ಮೂಲೆ ಒತ್ತುತ್ತಾರೆ, ಆಮೇಲೆ ನಡುವೆ ಬಗ್ಗಿಸುತ್ತಾರೆ. ಇದಕ್ಕೆ ಕಾರಣವಿದೆ. ಇತ್ತೀಚಿನ ಎಷ್ಟೋ ಶೂಗಳ ಅಟ್ಟೆ ಪಾಲಿಯುರಿಥೇನ್, ಅವರ ಬಾಯಲ್ಲಿ 'ಪಿಯು'. ಹಗುರ, ಮೆತ್ತಗೆ. ಆದರೆ ಗಾಳಿಯ ತೇವ ಅದನ್ನು ಒಳಗಿಂದಲೇ ತಿನ್ನುತ್ತದೆ. ಒಂದೆರಡು ಸಲ ಮೆಟ್ಟಿ ನಾಲ್ಕೈದು ವರ್ಷ ಡಬ್ಬಿಯಲ್ಲಿಟ್ಟ ಶೂ ನೋಡಲು ಹೊಚ್ಚಹೊಸದು. ಮೆಟ್ಟಿಕೊಂಡು ಹತ್ತು ಹೆಜ್ಜೆ ಹಾಕಿದರೆ ಅಟ್ಟೆ ರಾಗಿಹಿಟ್ಟಿನ ಹಾಗೆ ಉದುರುತ್ತದೆ. ಬಹಳ ಮೆಟ್ಟಿ ಸವೆದ ರಬ್ಬರ್ ಅಟ್ಟೆಯೇ ಇದಕ್ಕಿಂತ ವಾಸಿ. ಇಂಥ ಪಿಯು ಜೋಡಿಯನ್ನು ತಿಳಿಯದೆ ಕೊಂಡರೆ ವ್ಯಾಪಾರಿಗೆ ಅಸಲೂ ಇಲ್ಲ, ಗಿರಾಕಿಯ ನಂಬಿಕೆಯೂ ಇಲ್ಲ. ಹೆಬ್ಬೆರಳಿನ ಆ ಒಂದು ಒತ್ತು ಯಾವ ತರಬೇತಿ ಶಿಬಿರದಲ್ಲೂ ಕಲಿಸದ ವಿದ್ಯೆ.

ಅಟ್ಟೆ ಪಾಸಾದರೆ ಕೆಲಸ ಶುರು. ಲೇಸು ತೆಗೆದು, ಒಳಗಿನ ಮೆತ್ತೆ ಕಿತ್ತು ಬಿಸಾಕಿ, ಸೋಪಿನ ನೀರಲ್ಲಿ ಬ್ರಷ್ ಹಾಕಿ ತಿಕ್ಕಿ, ಬಿಸಿಲಿಗೆ ಬಾಯಿ ಮೇಲೆ ಮಾಡಿ ಒಣಗಿಸಬೇಕು. ಈ ಭಾಗ ಬಹುತೇಕ ಮನೆಯ ಹೆಂಗಸರ ದುಡಿಮೆ, ಅದಕ್ಕೆ ಬೇರೆ ಕೂಲಿ ಯಾರೂ ಲೆಕ್ಕ ಹಾಕುವುದಿಲ್ಲ. ಬಿಸಿಲು ಚೆನ್ನಾಗಿ ತಾಗದಿದ್ದರೆ ಒಳಗಿನ ಬೂಸಲು ಹೋಗುವುದಿಲ್ಲ, ಮುಂದೆ ಮೆಟ್ಟಿದವನ ಬೆರಳ ಸಂದಿಗೆ ಹುಳುಕು ಹತ್ತುತ್ತದೆ. ಆಮೇಲೆ ಬಾಯಿಬಿಟ್ಟ ಅಂಚಿಗೆ ಸೊಲ್ಯೂಷನ್ ಬಳಿದು, ಸ್ವಲ್ಪ ಆರಲು ಬಿಟ್ಟು, ಮೂರು ಕಾಲಿನ ಕಬ್ಬಿಣದ ಮೇಲೆ ಕೂರಿಸಿ ಬಡಿಯಬೇಕು. ಅಂಟು ಮಾತ್ರ ನಂಬಿದರೆ ಮೊದಲ ಮಳೆಗೆ ಬಿಡುತ್ತದೆ. ಅದಕ್ಕೇ ಸುತ್ತ ಒಂದು ಸಾಲು ಹೊಲಿಗೆ. ಹಳೆ ಟೈರಿನ ಚೂರಿನಿಂದ ಹಿಮ್ಮಡಿ ಕಟ್ಟುವುದೂ ಇದೆ. ಚಪ್ಪಲಿಯಾದರೆ ಉಂಗುಷ್ಟ ಹೊಸದಾಗಿ ಹಾಕಬೇಕು, ಬಾರು ಬದಲಿಸಬೇಕು. ಕೊನೆಗೆ ಪಾಲಿಶ್.

ಲೆಕ್ಕ ಸುಲಭವಾಗಲೆಂದು ಒಂದು ಜೋಡಿ ಶೂವನ್ನು 40 ರೂಪಾಯಿಗೆ ಕೊಂಡರು ಅಂದುಕೊಳ್ಳೋಣ. ದಾರ, ಸೊಲ್ಯೂಷನ್, ಹೊಸ ಮೆತ್ತೆ, ಪಾಲಿಶ್ ಎಲ್ಲ ಸೇರಿ 30. ಮಾರಿದ್ದು 170ಕ್ಕೆ. ಉಳಿದದ್ದು 100 ರೂಪಾಯಿ. ಆ ನೂರು ಹಳೆ ಶೂವಿನ ಬೆಲೆಯಲ್ಲ, ಪೂರ್ತಿ ದುಡಿಮೆಯ ಬೆಲೆ. ಅದೇ ಜೋಡಿಯನ್ನು ತೊಳೆಯದೆ ಹೊಲಿಯದೆ ನೆಲದ ಮೇಲೆ ರಾಶಿ ಹಾಕಿ ಮಾರಿದರೆ 60 ಬಂದರೆ ಹೆಚ್ಚು. ರಿಪೇರಿಗೆ ಗಿರಾಕಿ ಬಾರದ ಮಧ್ಯಾಹ್ನದ ಹೊತ್ತನ್ನು ಕಾಸಾಗಿಸುವುದು ಈ ಮರುಮಾರಾಟ. ಒಂದು ಉಂಗುಷ್ಟ ಹೊಲಿದರೆ ಸಿಗುವ ಚಿಲ್ಲರೆ ಆ ಹೊತ್ತಿನ ಸೊಪ್ಪಿಗಾಗುತ್ತದೆ, ಒಂದು ಹಳೆ ಜೋಡಿ ಮಾರಿದರೆ ಅಕ್ಕಿಬೇಳೆಗಾಗುತ್ತದೆ.

ಕೊಳ್ಳುವವರು ಯಾರು? ಇಲ್ಲಿ ನಾಲ್ಕು ತಾಲ್ಲೂಕುಗಳ ನೆಲ ಬೇರೆ ಬೇರೆಯಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ ಕನ್ನಂಬಾಡಿ ಕಟ್ಟೆಯ ಮಗ್ಗುಲಿನ ನೀರಾವರಿ ಸೀಮೆ. ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿ ಕಡೆಯಿಂದ ಕುಟುಂಬ ಸಮೇತ ಬಂದು ಗುಡಿಸಲು ಹಾಕುವ ಜನರಿದ್ದಾರೆ. ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದ ಹುಡುಗರಿದ್ದಾರೆ. ಕಡಿದ ಕಬ್ಬಿನ ಕೂಳೆ ಓರೆಯಾಗಿ ನಿಂತಿರುತ್ತದೆ, ತೆಳು ಹವಾಯಿ ಚಪ್ಪಲಿಯನ್ನು ತೂರಿ ಪಾದಕ್ಕೆ ಹೊಡೆಯುತ್ತದೆ. ತರಗಿನ ಒಳಗೆ ಹಾವಿನ ಭಯ. ಇವರಿಗೆ ಬೇಕಾದದ್ದು ಮುಚ್ಚಿದ ಶೂ, ಅದೂ ಒಂದು ಹಂಗಾಮು ಬಂದರೆ ಸಾಕು. ಸಾವಿರ ರೂಪಾಯಿ ಕೊಟ್ಟು ಹೊಸದು ಕೊಂಡು ಕೆಸರಿಗಿಳಿಸುವವರು ಯಾರಿದ್ದಾರೆ? ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಗೆ ಹೋಯಿತು. ಕಾರ್ಖಾನೆ ನುರಿಸಿದರೆ, ಕಬ್ಬಿನ ಬಿಲ್ಲು ಕೈಗೆ ಬಂದರೆ ಚಮ್ಮಾರರ ಟಾರ್ಪಾಲಿನ ಕೆಳಗೂ ಕಾಸು ಓಡಾಡುತ್ತದೆ. ನಿಂತರೆ ಇಲ್ಲೂ ನಿಲ್ಲುತ್ತದೆ.

ನಾಗಮಂಗಲ ಮಳೆ ನಂಬಿದ ಸೀಮೆ, ರಾಗಿ, ಹುರುಳಿ, ತೆಂಗು. ಅಲ್ಲಿನ ಹುಡುಗರು ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವವರು. ಕೆ.ಆರ್.ಪೇಟೆಯ ಹಳ್ಳಿಗಳಿಗೆ ಮುಂಬೈ ನಂಟು ಹಳೆಯದು. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಅಲ್ಲಿಂದ ಎಷ್ಟು ಜನ ಊರಿಗೆ ಮರಳಿದರು ಎಂಬುದು ಜಿಲ್ಲೆಗೆಲ್ಲ ಗೊತ್ತಾದದ್ದು ಆಗಲೇ. ಊರು ಬಿಟ್ಟವರು ಹಬ್ಬಕ್ಕೆ ಬರುವಾಗ ತಮ್ಮ ಹಳೆ ಶೂ ತಮ್ಮನಿಗೋ ಅಕ್ಕನ ಮಗನಿಗೋ ತರುವುದು ಹಣವಿಲ್ಲದ ಮರುಬಳಕೆ. ಅಳತೆ ಹೊಂದದಿದ್ದಾಗ ಅದೂ ಚಮ್ಮಾರರ ಸಾಲಿಗೆ ಬಂದು ನಿಲ್ಲುತ್ತದೆ. ಇನ್ನು ಪೊಲೀಸ್ ಪೇದೆ, ಸೈನ್ಯದ ಭರ್ತಿಗೆ ತಯಾರಾಗುವ ಹುಡುಗರು. 1,600 ಮೀಟರ್ ಓಟಕ್ಕೆ ಬೆಳಗಿನ ಜಾವ ರಸ್ತೆಯಲ್ಲಿ ಅಭ್ಯಾಸ ಮಾಡುವ ಇವರಿಗೆ ಒಳ್ಳೆ ಕಂಪನಿಯ ರನ್ನಿಂಗ್ ಶೂ ಬೇಕು, ಜೇಬಲ್ಲಿ ಕಾಸಿಲ್ಲ. ಸಂತೆಯಲ್ಲಿ ಅವರೇ ಅತಿ ಹೆಚ್ಚು ಚೌಕಾಸಿ ಮಾಡುವವರು. “ಅಟ್ಟೆ ಗಟ್ಟಿಯಾಗದಾ ಕಣಣ್ಣ?” ಎಂದರೆ, “ಬಗ್ಗುಸ್ ನೋಡ್ಕ ಕಣಪ್ಪ, ಬಿರುಕು ಕಂಡ್ರೆ ಕಾಸು ಕೊಡ್ಬ್ಯಾಡ” ಎಂಬ ಉತ್ತರ. ರಸೀದಿ ಇಲ್ಲದ ಈ ವ್ಯಾಪಾರದ ಗ್ಯಾರಂಟಿ ಆ ಮಾತೇ. ಮುಂದಿನ ವಾರವೂ ಅದೇ ಜಾಗದಲ್ಲಿ ಕೂರಬೇಕಾದವರು ಆ ಮಾತಿಗೆ ತಪ್ಪಲಾರರು.

ಈ ಕಸುಬಿನ ಮೇಲೆ ಕೂತಿರುವ ಜಾತಿಯ ಭಾರವನ್ನು ಬಿಟ್ಟು ಮುಂದೆ ಹೋದರೆ ಸಮೀಕ್ಷೆ ಸುಳ್ಳಾಗುತ್ತದೆ. ಹಿಂದೆ ಊರಿನ ಆಯಗಾರರಲ್ಲಿ ಚರ್ಮದ ಕೆಲಸದವರೂ ಒಬ್ಬರು. ಕಪಿಲೆ ಬಾವಿಯ ಚರ್ಮದ ಬಾನೆ, ಮಿಣಿ, ಬಾರುಕೋಲು, ಮೆಟ್ಟು ಎಲ್ಲ ಅವರೇ ಮಾಡಿಕೊಡಬೇಕು. ಕಣದಲ್ಲಿ ಆಯದ ಕಾಳು ತೆಗೆದುಕೊಳ್ಳಬೇಕು. ಪಂಪ್‌ಸೆಟ್ಟು ಬಂದು ಕಪಿಲೆ ಹೋಯಿತು, ನೈಲಾನ್ ಹಗ್ಗ ಬಂದು ಮಿಣಿ ಹೋಯಿತು, ರಬ್ಬರ್ ಚಪ್ಪಲಿ ಬಂದು ಎಕ್ಕಡ ಹೋಯಿತು. ಉಳಿದದ್ದು ರಿಪೇರಿ ಮತ್ತು ಕಸುಬಿಗೆ ಅಂಟಿದ ಮೈಲಿಗೆ. ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟವರೇ ಮೇಲ್ಜಾತಿಯ ಬೀದಿಯಲ್ಲಿ ಮೆಟ್ಟು ಕೈಲಿ ಹಿಡಿದು ನಡೆಯಬೇಕಿದ್ದ ಊರುಗಳು ನಮ್ಮ ನಾಡಿನಲ್ಲಿ ಬಹಳ ಇದ್ದವು. ಬಸವಣ್ಣನಿಗೆ ತನ್ನ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದ ಹರಳಯ್ಯನ ಕತೆಯನ್ನು ಭಕ್ತಿಯಿಂದ ಹೇಳುವ ನಾಡೇ ಹರಳಯ್ಯನ ಕುಲದವರನ್ನು ಹೊಸಿಲ ಆಚೆ ಕೂರಿಸಿತು. ಈ ನೋವು ಹಳೆ ಜೋಡಿನ ಪೇಟೆಯಲ್ಲಿ ನೇರವಾಗಿ ಬೆಲೆಯಾಗಿ ಕಾಣುತ್ತದೆ. ಯಾರು ಮೆಟ್ಟಿದ್ದೋ, ಸತ್ತವರದ್ದೋ ಎಂಬ ಅನುಮಾನದಿಂದ ಕೈಲಾಗುವವರು ಹಳೆ ಮೆಟ್ಟು ಕೊಳ್ಳುವುದಿಲ್ಲ. ಹಾಗಾಗಿ ಮಾಲು ಅಗ್ಗಕ್ಕೆ ಸಿಗುತ್ತದೆ, ಆದರೆ ಮಾರುವ ಬೆಲೆಯೂ ಮೇಲೇಳುವುದಿಲ್ಲ. ಹಳೆ ಮೊಬೈಲು, ಹಳೆ ಬೈಕು ಮಾರುವವರಿಗೆ ಗಾಜಿನ ಷೋರೂಮು ಇದೆ. ಹಳೆ ಶೂ ಹೊಲಿದು ಮಾರುವವರಿಗೆ ಚರಂಡಿ ಪಕ್ಕದ ಕಟ್ಟೆ. ಈ ಅಂತರಕ್ಕೆ ವ್ಯಾಪಾರದ ಕಾರಣ ನನಗೆ ಒಂದೂ ಕಾಣುವುದಿಲ್ಲ.

ಇನ್ನು ಹೊರಗಿನ ಅನುಭವ. ಆಫ್ರಿಕದ ವಾದದಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು ಗಾರ್ತ್ ಫ್ರೇಜರ್ ಎಂಬ ಅರ್ಥಶಾಸ್ತ್ರಜ್ಞರ 2008ರ ಅಧ್ಯಯನ. 1981ರಿಂದ 2000ದವರೆಗೆ ಆಫ್ರಿಕದ ಉಡುಪು ತಯಾರಿಕೆ ಕುಸಿದದ್ದರಲ್ಲಿ ಸುಮಾರು ಶೇಕಡಾ 40ರಷ್ಟು ಪಾಲು ಹಳೆ ಬಟ್ಟೆಯ ಆಮದಿನದ್ದು ಎಂದು ಅವರು ಲೆಕ್ಕ ಹಾಕಿದರು. ಅದು ಬಟ್ಟೆಯ ಲೆಕ್ಕ, ಆದರೂ ಭಯ ಜೋಡಿಗೂ ಹರಡಿತು. 2016ರಲ್ಲಿ ಪೂರ್ವ ಆಫ್ರಿಕ ಸಮುದಾಯದ ದೇಶಗಳು ಹಳೆ ಬಟ್ಟೆ, ಹಳೆ ಪಾದರಕ್ಷೆಗಳ ಆಮದನ್ನು 2019ರೊಳಗೆ ನಿಲ್ಲಿಸಲು ತೀರ್ಮಾನಿಸಿದವು. ಅಮೆರಿಕ ತನ್ನ ಸುಂಕ ರಿಯಾಯಿತಿ ಕಿತ್ತುಕೊಳ್ಳುವ ಬೆದರಿಕೆ ಹಾಕಿದಾಗ ಕೀನ್ಯಾ, ಉಗಾಂಡ, ತಾಂಜಾನಿಯ ಹಿಂದೆ ಸರಿದವು. ರುವಾಂಡ ಮಾತ್ರ ಹಟ ಬಿಡಲಿಲ್ಲ, 2018ರಲ್ಲಿ ಉಡುಪಿನ ಮೇಲಿನ ರಿಯಾಯಿತಿ ಕಳೆದುಕೊಂಡಿತು. ಇಷ್ಟು ಜಗಳದ ನಡುವೆ ಮೂಟೆ ಬಿಚ್ಚಿ ಮಾರುವ ಸಣ್ಣ ವ್ಯಾಪಾರಿಯ ಪಾಡು ಯಾರ ಗಮನಕ್ಕೂ ಅಷ್ಟಾಗಿ ಬರಲಿಲ್ಲ. ಅವರು ಮೂಟೆಯನ್ನು ಬಿಚ್ಚುವ ಮೊದಲೇ ಹಣ ಕೊಡಬೇಕು. ಒಳಗೆ ಒಳ್ಳೆಯದಿದ್ದರೆ ಬದುಕಿದರು, ಚಿಂದಿ ಇದ್ದರೆ ಸಾಲ. ಅಕ್ರಾದ ಕಂಟಮಾಂಟೊ 2025ರ ಜನವರಿ ಮೊದಲ ವಾರ ಬೆಂಕಿಗೆ ಬಿದ್ದಾಗ ಸುಟ್ಟದ್ದು ಬಹುಪಾಲು ಇಂಥ ಸಾಲದ ಮಾಲೇ ಇರಬೇಕು.

ಉಚಿತ ದಾನವೂ ಸಮಸ್ಯೆಯಿಲ್ಲದ್ದಲ್ಲ. ಒಂದು ಜೋಡಿ ಮಾರಿದರೆ ಒಂದು ಜೋಡಿ ಬಡ ಮಗುವಿಗೆ ಎಂಬ ಟಾಮ್ಸ್ ಕಂಪನಿಯ ಯೋಜನೆಯನ್ನು ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಎಲ್ ಸಾಲ್ವಡಾರಿನ ಹಳ್ಳಿಗಳಲ್ಲಿ ಪರೀಕ್ಷಿಸಿದರು. 20 ಜೋಡಿ ಹಂಚಿದರೆ ಸ್ಥಳೀಯ ಅಂಗಡಿಯಲ್ಲಿ ಹೆಚ್ಚುಕಡಿಮೆ ಒಂದು ಜೋಡಿ ವ್ಯಾಪಾರ ಕಡಿಮೆಯಾಗಬಹುದು ಎಂಬಷ್ಟು ಸಣ್ಣ ಪರಿಣಾಮ, ಅದೂ ಖಚಿತವಲ್ಲ. ಆದರೆ ಶೂ ಪಡೆದ ಮಕ್ಕಳಲ್ಲಿ ನಮ್ಮ ಮನೆಯ ಅಗತ್ಯ ಬೇರೆಯವರು ನೋಡಿಕೊಳ್ಳಬೇಕು ಎಂಬ ಭಾವನೆ ಹೆಚ್ಚಾಗಿತ್ತು. ಅಮೆರಿಕದಲ್ಲಿ 2006ರಲ್ಲಿ ಹುಟ್ಟಿದ ಸೋಲ್ಸ್‌ಫಾರ್‌ಸೋಲ್ಸ್ ಸಂಸ್ಥೆ ಹೈಟಿಯಂಥ ಕಡೆ ಹಳೆ ಶೂಗಳನ್ನು ಪುಕ್ಕಟೆ ಹಂಚುವ ಬದಲು ಸಣ್ಣ ವ್ಯಾಪಾರಿಗಳ ಕೈಗೆ ಅಗ್ಗಕ್ಕೆ ತಲುಪಿಸುವ ದಾರಿಗೂ ಬಂದದ್ದು ಗಮನಿಸಬೇಕಾದ್ದು. ಮಾರಿ ಉಂಡವನಿಗೆ ಕೈಚಾಚುವ ಸಂಕೋಚವಿಲ್ಲ.

ಕಸ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಸಿಂಗಪುರದ ಪ್ರಕರಣ ಸಾಕ್ಷಿ. ಹಳೆ ಶೂ ಪುಡಿ ಮಾಡಿ ಆಟದ ಮೈದಾನ ಹಾಸುತ್ತೇವೆ ಎಂದ ಯೋಜನೆಯೊಂದರ ಪೆಟ್ಟಿಗೆಗಳಿಗೆ ರಾಯಿಟರ್ಸ್ ಪತ್ರಕರ್ತರು 11 ಜೋಡಿ ಶೂಗಳ ಅಟ್ಟೆಯೊಳಗೆ ಪತ್ತೆಯಂತ್ರ ಅಡಗಿಸಿ ಹಾಕಿದರು. 2023ರ ಫೆಬ್ರವರಿಯಲ್ಲಿ ಅವರು ಬರೆದ ಪ್ರಕಾರ ಒಂದು ಜೋಡಿಯೂ ಮೈದಾನ ಸೇರಲಿಲ್ಲ. ಬಹುಪಾಲು ಹಳೆ ಮಾಲಿನ ರಫ್ತುದಾರರ ಕೈಗೆ ಹೋದವು, ಕೆಲವು ಇಂಡೊನೇಷ್ಯಾದ ಸಂತೆಗಳಲ್ಲಿ ಸಿಕ್ಕವು. ಆ ದೇಶ 2015ರಲ್ಲೇ ಅಂಥ ಆಮದು ನಿಷೇಧಿಸಿತ್ತು. ಪ್ರಪಂಚದಲ್ಲಿ ವರ್ಷಕ್ಕೆ 2,000 ಕೋಟಿಗೂ ಹೆಚ್ಚು ಜೋಡಿ ಪಾದರಕ್ಷೆ ತಯಾರಾಗುತ್ತದೆ. ಅಷ್ಟೂ ಒಂದು ದಿನ ಎಲ್ಲೋ ಬೀಳಲೇಬೇಕು.

ಹೊರಗಿನವರ ಈ ಅನುಭವ ನೋಡಿದಾಗ ನಮ್ಮ ಸಣ್ಣ ಪೇಟೆಗೆ ಒಂದು ಬಲವಿದೆ ಅನ್ನಿಸುತ್ತದೆ. ಮಾಲನ್ನು ಒಂದೊಂದೇ ಜೋಡಿ ಮುಟ್ಟಿ, ಬಗ್ಗಿಸಿ ನೋಡಿ ಕೊಳ್ಳಬಹುದು, ಮುಚ್ಚಿದ ಮೂಟೆಯ ಜೂಜಿಲ್ಲ. ಕೊಂಡವರೂ ರಿಪೇರಿ ಮಾಡುವವರೂ ಮಾರುವವರೂ ಒಬ್ಬರೇ ಆದ್ದರಿಂದ ಲಾಭ ನಡುವೆ ಸೋರುವುದಿಲ್ಲ. ಈ ಪೇಟೆಯನ್ನು ನಿಜವಾಗಿ ಕಟ್ಟಿಹಾಕುತ್ತಿರುವುದು ಆಮದಲ್ಲ, ಅಚ್ಚಿನಲ್ಲಿ ಎರಕ ಹೊಯ್ದ ಹೊಸ ಚಪ್ಪಲಿ. ಒಂದೇ ತುಂಡು, ಹೊಲಿಗೆಯಿಲ್ಲ, ಬಾರಿಲ್ಲ, ನೂರೈವತ್ತು ರೂಪಾಯಿ. ಕಿತ್ತರೆ ಸೂಜಿ ನಿಲ್ಲುವುದಿಲ್ಲ, ಅಂಟು ಹಿಡಿಯುವುದಿಲ್ಲ. ರಿಪೇರಿಯೇ ಸಾಧ್ಯವಿಲ್ಲದ ಮೆಟ್ಟಿಗೆ ಎರಡನೇ ಬದುಕಿಲ್ಲ; ಚಮ್ಮಾರರಿಗೆ ಅದರಲ್ಲಿ ಒಂದು ಕಾಸೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದದ್ದು ಕೊಳ್ಳುವವರಿಗೆ ಒಳ್ಳೆಯದೇ. ಹಳೆಯದಕ್ಕೂ ಹೊಸದಕ್ಕೂ ನಡುವಿನ ಬೆಲೆಯ ಅಂತರ ಅದರಿಂದ ಇನ್ನಷ್ಟು ಕಿರಿದಾಯಿತು ಎಂಬುದೂ ಅಷ್ಟೇ ನಿಜ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ ವಾಹನಗಳು ಊರು ತಪ್ಪಿಸಿ ಓಡತೊಡಗಿದ ಮೇಲೆ ರಸ್ತೆ ಬದಿಯ ಸಣ್ಣ ವ್ಯಾಪಾರಕ್ಕೆ ಬಿದ್ದ ಪೆಟ್ಟು ಇವರಿಗೂ ತಾಗಿದೆ.

ಶಾಲೆಯ ಕಡೆಯಿಂದ ಒಂದು ಅವಕಾಶ ಕೈತಪ್ಪುತ್ತಿದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಒಂದು ಜೋಡಿ ಕಪ್ಪು ಶೂ, ಎರಡು ಜೋಡಿ ಬಿಳಿ ಸಾಕ್ಸ್ ಕೊಡುತ್ತದೆ. ಒಂದರಿಂದ ಐದನೇ ತರಗತಿಗೆ 265, ಆರರಿಂದ ಎಂಟಕ್ಕೆ 295, ಒಂಬತ್ತು–ಹತ್ತಕ್ಕೆ 325 ರೂಪಾಯಿ ಎಂದು ದರ ನಿಗದಿಯಾಗಿದ್ದು, ಖರೀದಿ ಶಾಲಾಭಿವೃದ್ಧಿ ಸಮಿತಿಯದ್ದು. ಮಕ್ಕಳ ಕಾಲು ವರ್ಷದೊಳಗೆ ಬೆಳೆಯುತ್ತದೆ. ಅಟ್ಟೆ ಗಟ್ಟಿಯಿರುವಾಗಲೇ ಶೂ ಬಿಗಿಯಾಗುತ್ತದೆ. ಜೂನ್ ತಿಂಗಳಲ್ಲಿ ಹಳೆ ಶೂ ತಂದವರ ಜೋಡಿಗಳನ್ನು ಊರಿನ ಚಮ್ಮಾರರಿಂದ ಸರಿಮಾಡಿಸಿ ಕಿರಿಯ ಮಕ್ಕಳಿಗೆ ಎರಡನೇ ಜೋಡಿಯಾಗಿ ಕೊಡಬಹುದು, ಮಳೆಗೆ ಒಂದು ಒದ್ದೆಯಾದರೆ ಇನ್ನೊಂದು ಇರುತ್ತದೆ. ರಿಪೇರಿ ಕೂಲಿಯನ್ನು ಸಮಿತಿ ಕೊಟ್ಟರೆ ಕಸುಬಿನವರಿಗೆ ವರ್ಷಕ್ಕೊಂದು ಖಾತ್ರಿ ಹಂಗಾಮು ಸಿಗುತ್ತದೆ.

ಸರ್ಕಾರದ ಕಡೆಯಿಂದ ಏನೂ ಇಲ್ಲವೆನ್ನುವಂತಿಲ್ಲ. 1976ರಲ್ಲಿ ಶುರುವಾದ, ಈಗ ಬಾಬು ಜಗಜೀವನ ರಾಮ್ ಅವರ ಹೆಸರು ಹೊತ್ತ ಚರ್ಮ ಕೈಗಾರಿಕೆ ಅಭಿವೃದ್ಧಿ ನಿಗಮ, ನಮ್ಮ ಲಿಡ್ಕರ್, ಇದೆ. 2023ರ ಸೆಪ್ಟೆಂಬರ್ 17ರಂದು ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚಮ್ಮಾರಿಕೆಯೂ ಸೇರಿದೆ; ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಬೀದಿ ವ್ಯಾಪಾರಿಗಳ ಸ್ವನಿಧಿ ಸಾಲ 2020ರಲ್ಲಿ 10,000ದಿಂದ ಶುರುವಾಗಿ, 2025ರಲ್ಲಿ ಮೊದಲ ಕಂತು 15,000ಕ್ಕೆ ಏರಿತು. ಇವೆಲ್ಲ ಹೊಸದು ತಯಾರಿಸುವವರನ್ನು, ಇಲ್ಲವೇ ಮಾರುವವರನ್ನು ಕಣ್ಣಲ್ಲಿಟ್ಟುಕೊಂಡವು. ಹಳೆಯದನ್ನು ಕೊಂಡು ಸರಿಮಾಡಿ ಮಾರುವವರು ಎರಡೂ ಅರ್ಜಿಯ ನಡುವೆ ಬೀಳುತ್ತಾರೆ. ಅವರಿಗೆ ಬೇಕಾದ ದುಡ್ಡು ಲಕ್ಷವಲ್ಲ, ಸಂತೆಯ ಹಿಂದಿನ ದಿನ 20 ಜೋಡಿ ಕೊಳ್ಳುವಷ್ಟು. ಅದು ಸಿಗದಾಗ ಬೆಳಿಗ್ಗೆ ಪಡೆದು ಸಂಜೆ ಬಡ್ಡಿ ಸೇರಿಸಿ ಕೊಡುವ ಕೈಸಾಲ, ಮೀಟರ್ ಬಡ್ಡಿ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅಂಥ ಸಾಲದ ಬಾಗಿಲಿಗೆ ಹೋಗದಂತೆ ಮಾಡುವ ಸಣ್ಣ ದುಡ್ಡನ್ನು ಊರಿನ ಸ್ತ್ರೀಶಕ್ತಿ ಸಂಘಗಳೇ ಕೊಡಬಲ್ಲವು, ತೊಳೆದು ಒಣಗಿಸುವ ಹೆಣ್ಣುಮಕ್ಕಳು ಸದಸ್ಯರಾಗಿದ್ದರೆ.

ಜಾಗದ ಮಾತು ಇನ್ನೂ ಸಣ್ಣದು, ಇನ್ನೂ ಮುಖ್ಯ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಗುರುತಿನ ಚೀಟಿ ಕೊಡಬೇಕು, ಎಬ್ಬಿಸುವ ಮೊದಲು ನೋಟಿಸು ಕೊಡಬೇಕು. ಬಸ್ ನಿಲ್ದಾಣ ನವೀಕರಣ, ಚರಂಡಿ ಕಾಮಗಾರಿ ಬಂದಾಗ ಮೊದಲು ಎದ್ದು ಹೋಗಬೇಕಾದದ್ದು ಟಾರ್ಪಾಲು. ಹತ್ತಿರದಲ್ಲೇ ಮತ್ತೊಂದು ಜಾಗ ಸಿಗದಿದ್ದರೆ ಗಿರಾಕಿ ಹುಡುಕಿಕೊಂಡು ಬರುವುದಿಲ್ಲ. ನಾಲ್ಕೂ ಪುರಸಭೆಗಳು ನೆರಳಿರುವ ಒಂದೊಂದು ಕಟ್ಟೆ, ಒಂದು ನಲ್ಲಿ ಕೊಟ್ಟರೆ ಸಾಕು. ಸಂತೆ ಸುಂಕ ಹರಾಜು ಹಾಕುವ ಪಂಚಾಯಿತಿಗಳು ಹೊಲಿದು ಮಾರುವವರ ಮೇಲೆ ಸುಂಕ ಎತ್ತಬಾರದೆಂದು ಷರತ್ತು ಬರೆದರೆ ಸಾಕು. ಈಗ ಎಷ್ಟೋ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರು ಒಣಕಸ ವಿಂಗಡಿಸುತ್ತಾರೆ. ಹಾಳೆ, ಬಾಟಲಿ, ಕಬ್ಬಿಣಕ್ಕೆ ಬೆಲೆಯಿದೆ. ಚಪ್ಪಲಿ, ಶೂ ಮಾತ್ರ ಯಾರಿಗೂ ಬೇಡದೆ ಮೂಲೆಯಲ್ಲಿ ಬೆಳೆಯುತ್ತದೆ, ಕೊನೆಗೆ ಸಿಮೆಂಟ್ ಕಾರ್ಖಾನೆಯ ಗೂಡಿಗೋ ಹಳ್ಳಕ್ಕೋ ಹೋಗುತ್ತದೆ. ವಾರಕ್ಕೊಮ್ಮೆ ಆ ಮೂಲೆಗೆ ಹತ್ತಿರದ ಚಮ್ಮಾರರನ್ನು ಕರೆದು, ಜೋಡಿ ಹೊಂದಿಸಿ, ಅಟ್ಟೆ ಬಗ್ಗಿಸಿ ನೋಡಿ ಆರಿಸಿಕೊಳ್ಳಲು ಬಿಟ್ಟರೆ ಸಂಘಕ್ಕೆ ನಾಲ್ಕು ಕಾಸು, ಅವರಿಗೆ ಕಳವಿನ ಭಯವಿಲ್ಲದ ಮಾಲು. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಪಂಚಾಯಿತಿ ಸಭೆಯ ಒಂದು ನಿರ್ಣಯ ಸಾಕು.